ಮೊದಲು ನುಡಿಸುವವರನ್ನು ಹುಡುಕಿ: ಎಳೆಯ ಸಂಯೋಜಕರಿಗೆ ಕೆಲವು ಪಾಠಗಳು

ಈಚೆಗೆ ಬೆಂಗಳೂರು, ಮೈಸೂರು, ಮಂಗಳೂರಿನ ಹುಡುಗ-ಹುಡುಗಿಯರಿಂದ ನನಗೆ ಬರುವ ಮೇಲ್‌ಗಳು ಹೆಚ್ಚಾಗಿವೆ. ಎಲ್ಲರದೂ ಹೆಚ್ಚುಕಡಿಮೆ ಒಂದೇ ಜಾತಕ. ಚಿಕ್ಕಂದಿನಲ್ಲಿ ಪಿಯಾನೊ ಅಥವಾ ಪಿಟೀಲು ಕ್ಲಾಸು, ಟ್ರಿನಿಟಿ ಸಂಗೀತ ಪರೀಕ್ಷೆಯ ಎಂಟನೇ ಗ್ರೇಡು, ಮನೆಯವರ ಸಮಾಧಾನಕ್ಕೆ ಒಂದು ಎಂಜಿನಿಯರಿಂಗ್ ಡಿಗ್ರಿ, ಆಮೇಲೆ ರಾತ್ರಿಯೆಲ್ಲ ಲ್ಯಾಪ್‌ಟಾಪ್ ಮುಂದೆ ಕೂತು ಬರೆದ ಒಂದು ಸಿಂಫನಿ. ಸಿನಿಮಾಕ್ಕೆ ಬರೆಯುವ ಆಸೆ ಇಲ್ಲ, ಕಛೇರಿಯಲ್ಲಿ ಕೂತು ಕೇಳುವ ಸಂಗೀತ ಬರೆಯಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳುತ್ತಾರೆ.

ನಾನು ಮೈಸೂರಿನಲ್ಲಿ ಬೆಳೆದು ಲಂಡನ್ನಿನಲ್ಲಿ ನೆಲೆಸಿದ್ದೇನೆ. ಪಾಶ್ಚಾತ್ಯ ಪದ್ಧತಿಯ ಸಂಯೋಜನೆ ನನ್ನ ಕಸುಬು. ಬೇರೆಯವರ ಸ್ಕೋರ್‌ಗಳಿಂದ ವಾದಕರಿಗೆ ಪಾರ್ಟ್ ತೆಗೆದು ಕೊಡುವುದು ಹೊಟ್ಟೆಪಾಡು. ಹೊಸಬರ ಕೃತಿ ಮೊದಲ ಸಲ ಆರ್ಕೆಸ್ಟ್ರಾದ ಮುಂದೆ ಬಂದಾಗ ಏನಾಗುತ್ತದೆ ಎಂಬುದನ್ನು ಈ ಎರಡನೇ ಕೆಲಸದಿಂದಾಗಿ ಹತ್ತಿರದಿಂದ ನೋಡುತ್ತಾ ಬಂದಿದ್ದೇನೆ. ಪ್ರತಿಭೆಯ ಮಾತು ಇಲ್ಲಿ ಬೇಡ. ಅದು ನಿಮ್ಮಲ್ಲಿದೆ ಎಂದೇ ಇಟ್ಟುಕೊಳ್ಳೋಣ. ಅದಿದ್ದೂ ಜನ ಎಲ್ಲಿ ಸಿಕ್ಕಿಬೀಳುತ್ತಾರೆ ಎಂಬುದಷ್ಟೇ ನನಗೆ ಗೊತ್ತಿರುವ ವಿಷಯ.

1. ಪಾರ್ಟ್ ಕೆಟ್ಟರೆ ಕೃತಿ ಕೆಟ್ಟಿತು

ನಮ್ಮ ಕರ್ನಾಟಕ ಸಂಗೀತದಲ್ಲಿ ಕೃತಿ ಗುರುವಿನ ಬಾಯಿಂದ ಶಿಷ್ಯರ ಬಾಯಿಗೆ ಬರುತ್ತದೆ. ಪಾಶ್ಚಾತ್ಯ ಪದ್ಧತಿಯಲ್ಲಿ ಕಾಗದದ ಮೇಲೆ ಬರುತ್ತದೆ. ಎಲ್ಲ ವಾದ್ಯಗಳ ಸಾಲುಗಳೂ ಸೇರಿದ ಪೂರ್ತಿ ಸ್ಕೋರ್ ಇರುವುದು ಕಂಡಕ್ಟರ್ ಮುಂದೆ ಮಾತ್ರ. ಉಳಿದವರ ಸ್ಟ್ಯಾಂಡಿನ ಮೇಲೆ ಅವರವರ ಸಾಲು ಇರುತ್ತದೆ, ಅದಕ್ಕೆ ಪಾರ್ಟ್ ಎನ್ನುತ್ತೇವೆ. ಎರಡನೇ ಓಬೊ ನುಡಿಸುವವಳ ಪಾಲಿಗೆ ನಿಮ್ಮ ಸಿಂಫನಿ ಎಂದರೆ ಆ ನಾಲ್ಕು ಹಾಳೆ. ಹೊಸಬರು ತಿಂಗಳುಗಟ್ಟಲೆ ಸ್ಕೋರ್ ತಿದ್ದುತ್ತಾರೆ, ಪಾರ್ಟ್‌ಗಳನ್ನು ಕಡೆಯ ರಾತ್ರಿ ಸಾಫ್ಟ್‌ವೇರಿನಿಂದ ಹಾಗೇ ಪ್ರಿಂಟ್ ಹೊಡೆಯುತ್ತಾರೆ.

ಲಂಡನ್ ಸಿಂಫನಿ ಆರ್ಕೆಸ್ಟ್ರಾ 2005ರಿಂದ ನಡೆಸುತ್ತಿರುವ ಪಾನುಫ್ನಿಕ್ ಯೋಜನೆಯಲ್ಲಿ ವರ್ಷಕ್ಕೆ ಆರು ಮಂದಿ ಹೊಸ ಸಂಯೋಜಕರು ತಲಾ ಮೂರು ನಿಮಿಷದ ಕೃತಿ ಬರೆಯುತ್ತಾರೆ. ಅಮೆರಿಕದ ಆರ್ಕೆಸ್ಟ್ರಾಗಳಲ್ಲೂ ಹೊಸಬರ ಕೃತಿಯನ್ನು ನುಡಿಸಿ ನೋಡುವ ಇಂಥ 'ರೀಡಿಂಗ್' ಸೆಶನ್‌ಗಳುಂಟು. ಮೂರು ನಿಮಿಷ ಯಾವ ಲೆಕ್ಕ ಎನಿಸಬಹುದು. ಎಂಬತ್ತು ಜನ ವೃತ್ತಿಪರರು ಎದುರಿಗೆ ಕೂತಾಗ ಅದು ಬಹಳ ದೊಡ್ಡ ಲೆಕ್ಕ.

ಹೀಗೊಂದು ಸೆಶನ್ನಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಒಬ್ಬ ಹುಡುಗನ ಕೃತಿಗೆ ಸಿಕ್ಕಿದ್ದ ಅವಧಿ ಇಪ್ಪತ್ತು ನಿಮಿಷ. ಶುರುವಾಗುತ್ತಿದ್ದಂತೆ ಹಾರ್ನ್ ವಾದಕರೊಬ್ಬರು ಕೈಯೆತ್ತಿ, ಈ ಸ್ವರ ಬರೆದಂತೆ ನುಡಿಸಲೋ ಅಥವಾ ಕೇಳಬೇಕಾದ ಸ್ವರವೇ ಇದೋ ಎಂದರು. ಹಾರ್ನ್ ಪಾರ್ಟ್ ಬರೆಯುವುದು ಕೇಳುವ ಸ್ವರದಿಂದ ಐದನೇ ಸ್ವರದಷ್ಟು ಮೇಲೆ. ಆ ಹಾಳೆಯಲ್ಲಿ ಎಲ್ಲೂ ಅದರ ಸೂಚನೆ ಇರಲಿಲ್ಲ. ಅದು ಬಗೆಹರಿಯಿತು. ಮುಂದೆ ವಯೊಲಾಗಳೆಲ್ಲ ಸೇರಿ ತೀರಾ ಮೆಲ್ಲಗೆ ನುಡಿಸಬೇಕಾದ ಜಾಗ ಬಂತು. ಅಲ್ಲೇ ಪುಟ ತಿರುವಬೇಕು. ತಂತಿವಾದ್ಯದವರು ಇಬ್ಬಿಬ್ಬರು ಒಂದು ಸ್ಟ್ಯಾಂಡ್ ಹಂಚಿಕೊಳ್ಳುತ್ತಾರೆ, ಒಳಗೆ ಕೂತವರು ಪುಟ ತಿರುವುತ್ತಾರೆ. ಎಲ್ಲ ಸ್ಟ್ಯಾಂಡಿನಲ್ಲೂ ಒಬ್ಬೊಬ್ಬರು ಕಮಾನು ಇಳಿಸಿ ಕಾಗದ ಮಗುಚಿದರು. ನಾದ ಅರ್ಧಕ್ಕೆ ಇಳಿಯಿತು, ಕಾಗದದ ಸದ್ದು ಮೇಲೆ ಬಂತು. ಕಂಡಕ್ಟರ್ ನಿಲ್ಲಿಸಿದರು. ಆಮೇಲೆ ತಾಳವಾದ್ಯದವರ ಸರದಿ. ಹಿಂದಿನ ಮೂಲೆಯಲ್ಲಿ ದೊಡ್ಡ ಗಾಂಗ್ ಬಾರಿಸಿದವರು ಒಂದೇ ಬಾರ್‌ನಲ್ಲಿ, ಎಂದರೆ ತಾಳದ ಒಂದೇ ಸುತ್ತಿನಲ್ಲಿ, ಇನ್ನೊಂದು ಮೂಲೆಯ ಮರಿಂಬಾಕ್ಕೆ ಬರಬೇಕಿತ್ತು, ಕೋಲು ಬೇರೆ ಬದಲಿಸಬೇಕಿತ್ತು. "ಓಡಲೋ?" ಎಂದು ಕೇಳಿದರು. ಎಲ್ಲರೂ ನಕ್ಕರು, ಹುಡುಗನೂ ನಕ್ಕ. ಗಡಿಯಾರ ನಗಲಿಲ್ಲ. ಕೃತಿಯ ಕಡೆಯ ಒಂದು ನಿಮಿಷ ಆ ದಿನ ಯಾರ ಕಿವಿಗೂ ಬೀಳಲಿಲ್ಲ. ನಿಜ ಹೇಳಬೇಕೆಂದರೆ ಅದೇ ಅವನು ಬರೆದದ್ದರಲ್ಲೆಲ್ಲ ಚೆಂದದ ಭಾಗ.

ಆದ್ದರಿಂದ ಪುಟದ ಕೊನೆ ವಿರಾಮದ ಮೇಲೆ ಬೀಳಲಿ. ಪ್ರತಿ ಸಾಲಿನ ಮೊದಲಿಗೆ ಬಾರ್ ಸಂಖ್ಯೆ ಇರಲಿ. ಮೂವತ್ತು ನಲವತ್ತು ಬಾರ್ ಸುಮ್ಮನಿದ್ದು ಮತ್ತೆ ಸೇರಿಕೊಳ್ಳಬೇಕಾದವರಿಗೆ, ಅದಕ್ಕೆ ಮುಂಚೆ ಬೇರೆ ವಾದ್ಯ ನುಡಿಸುವ ಎರಡು ಬಾರ್‌ಗಳನ್ನು ಸಣ್ಣಕ್ಷರದಲ್ಲಿ ತೋರಿಸಿ. ಎ4 ಹಾಳೆ ಆರ್ಕೆಸ್ಟ್ರಾಗೆ ಚಿಕ್ಕದಾಯಿತು, ಅದಕ್ಕಿಂತ ದೊಡ್ಡದು, ತುಸು ದಪ್ಪನೆಯದು ಬೇಕು. ಶ್ರುತಿ, ಲಯ ಎಲ್ಲಕ್ಕಿಂತ ಮೊದಲು ವಾದಕರು ನಿಮ್ಮನ್ನು ಅಳೆಯುವುದು ಈ ಹಾಳೆಯಿಂದ.

2. ಕಂಪ್ಯೂಟರ್ ನುಡಿಸಿದ್ದನ್ನು ನಂಬಬೇಡಿ

ಕಂಪ್ಯೂಟರಿನಲ್ಲಿ ಕೊಳಲು ತನ್ನ ಕೆಳಸ್ಥಾಯಿಯಲ್ಲೂ ನಾಲ್ಕು ಟ್ರಂಬೋನ್‌ಗಳ ಮೇಲೆ ಸ್ಪಷ್ಟವಾಗಿ ಕೇಳುತ್ತದೆ. ಸಭಾಂಗಣದಲ್ಲಿ ಆ ಕೊಳಲಿನವರ ಕೆನ್ನೆ ಉಬ್ಬುವುದಷ್ಟೇ ಕಾಣುತ್ತದೆ. ಕಂಪ್ಯೂಟರ್ ಉಸಿರು ತೆಗೆದುಕೊಳ್ಳುವುದಿಲ್ಲ, ಅದರ ತುಟಿ ದಣಿಯುವುದಿಲ್ಲ. ಹಾರ್ಪ್‌ಗೆ ಏಳು ಪೆಡಲ್ ಇವೆ ಎಂಬುದೂ, ಅವುಗಳನ್ನು ಕಾಲಿನಿಂದ ಬದಲಿಸಲು ಹೊತ್ತು ಬೇಕೆಂಬುದೂ ಅದಕ್ಕೆ ಗೊತ್ತಿಲ್ಲ. ಹನ್ನೆರಡೂ ಸ್ವರಸ್ಥಾನಗಳಲ್ಲಿ ಸರಸರನೆ ಓಡುವ ಹಾರ್ಪ್ ಸಾಲು ಹೊಸಬರ ಸ್ಕೋರ್‌ಗಳಲ್ಲಿ ನನ್ನ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಅದನ್ನು ನುಡಿಸಲು ಇಬ್ಬರು ಬೇಕು, ಇಲ್ಲವೇ ಇನ್ನೆರಡು ಕಾಲು ಬೇಕು.

ಬರೆದ ಸಾಲನ್ನು ಹಾಡಿ ನೋಡಿ. ನಮ್ಮವರಿಗೆ ಹಾಡಲು ಸಂಕೋಚವಿಲ್ಲ, ಇದು ನಮಗಿರುವ ಅನುಕೂಲ.

3. ತೀರ್ಪುಗಾರರನ್ನು ಆಮೇಲೆ ನೋಡಿಕೊಳ್ಳಿ

ಈ ಬರಹದಲ್ಲಿ ಒಂದೇ ಪಾಠ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ: ಸ್ಪರ್ಧೆಗಿಂತ ಮೊದಲು ನಿಮ್ಮ ಕೃತಿ ನುಡಿಸುವವರನ್ನು ಹುಡುಕಿಕೊಳ್ಳಿ.

ಕ್ಯಾರೊಲಿನ್ ಶಾ 2013ರಲ್ಲಿ ಪುಲಿಟ್ಜರ್ ಸಂಗೀತ ಪ್ರಶಸ್ತಿ ಪಡೆದಾಗ ಅವರಿಗೆ ಮೂವತ್ತು ವರ್ಷ. ಆ ಪ್ರಶಸ್ತಿ ಪಡೆದವರಲ್ಲೇ ಅತಿ ಚಿಕ್ಕವರು. ಪ್ರಶಸ್ತಿ ಬಂದ 'ಪಾರ್ಟಿಟಾ' ಎಂಟು ಕಂಠಗಳ ಕೃತಿ. ಅದನ್ನು ಅವರು ಬರೆದದ್ದು ತಾವೇ ಹಾಡುತ್ತಿದ್ದ 'ರೂಮ್‌ಫುಲ್ ಆಫ್ ಟೀತ್' ಎಂಬ ತಂಡಕ್ಕೆ. ತಂಡ ಬೇಸಿಗೆಗಳಲ್ಲಿ ಮ್ಯಾಸಚೂಸೆಟ್ಸ್‌ನ ನಾರ್ತ್ ಆಡಮ್ಸ್ ಎಂಬ ಊರಿನ ಕಲಾ ಸಂಗ್ರಹಾಲಯವೊಂದರಲ್ಲಿ ಸೇರುತ್ತಿತ್ತು, ಬೇರೆ ಬೇರೆ ನಾಡುಗಳ ಗಾಯನ ಕ್ರಮಗಳನ್ನು ಕಲಿಯುತ್ತಿತ್ತು. ಅಲ್ಲಿ ಕೃತಿಯ ಭಾಗಗಳು ಒಂದೊಂದಾಗಿ ಬೆಳೆದವು. ಪಕ್ಕದಲ್ಲಿ ನಿಂತವರ ಗಂಟಲು ಎಲ್ಲಿಯವರೆಗೆ ಹೋಗುತ್ತದೆ, ಯಾರಿಗೆ ಯಾವ ಸ್ವರ ಸಲೀಸು ಎಂಬುದು ಆಕೆಗೆ ಗೊತ್ತಿತ್ತು. ಆ ಸಂಗೀತ ಕೇಳಿದರೆ ಅದು ತಿಳಿಯುತ್ತದೆ ಕೂಡ.

ಇದಕ್ಕೂ ಹಿಂದೆ ಹೋದರೆ ನ್ಯೂಯಾರ್ಕಿನಲ್ಲಿ ಸ್ಟೀವ್ ರೈಕ್ 1966ರಲ್ಲಿ, ಫಿಲಿಪ್ ಗ್ಲಾಸ್ 1968ರಲ್ಲಿ ಸ್ವಂತ ತಂಡ ಕಟ್ಟಿಕೊಂಡರು. ದೊಡ್ಡ ಸಭಾಂಗಣಗಳು ಅವರನ್ನು ಕರೆಯುತ್ತಿರಲಿಲ್ಲ. ಚಿತ್ರಕಲಾ ಗ್ಯಾಲರಿಗಳಲ್ಲಿ, ಗೋದಾಮಿನಂಥ ಮಹಡಿಗಳಲ್ಲಿ ನುಡಿಸಿದರು. 1987ರಲ್ಲಿ ಮೈಕಲ್ ಗಾರ್ಡನ್, ಡೇವಿಡ್ ಲ್ಯಾಂಗ್, ಜೂಲಿಯಾ ವುಲ್ಫ್ ಎಂಬ ಮೂವರು ಎಳೆಯರು ಸೋಹೊ ಬಡಾವಣೆಯ ಗ್ಯಾಲರಿಯೊಂದರಲ್ಲಿ ಹನ್ನೆರಡು ಗಂಟೆ ಉದ್ದದ ಕಛೇರಿ ನಡೆಸಿ ಅದಕ್ಕೆ 'ಬ್ಯಾಂಗ್ ಆನ್ ಎ ಕ್ಯಾನ್' ಎಂದು ಹೆಸರಿಟ್ಟರು. ಲ್ಯಾಂಗ್‌ಗೆ 2008ರಲ್ಲಿ, ವುಲ್ಫ್‌ಗೆ 2015ರಲ್ಲಿ ಪುಲಿಟ್ಜರ್ ಬಂತು. ನಮ್ಮ ಹವ್ಯಾಸಿ ನಾಟಕ ತಂಡಗಳು ಹುಟ್ಟುವ ಬಗೆಯೇ ಇದು: ನಾಲ್ಕು ಜನ ಸ್ನೇಹಿತರು, ಬಾಡಿಗೆಗೆ ಸಿಕ್ಕ ಒಂದು ಹಾಲ್, ಟಿಕೆಟ್ ಮಾರಲು ಇನ್ನೊಬ್ಬ ಸ್ನೇಹಿತ. ಈ ವಿದ್ಯೆ ಬೆಂಗಳೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನುಡಿಸುವವರ ಜತೆ ಕೂತಾಗ ಪುಸ್ತಕದಲ್ಲಿ ಇಲ್ಲದ್ದು ಸಿಗುತ್ತದೆ. ಬೇಸ್ ಕ್ಲಾರಿನೆಟ್ ನುಡಿಸುವ ಗೆಳತಿಯೊಬ್ಬಳು ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ರೀಡನ್ನು ಬಾಯಲ್ಲಿ ನೆನೆಸಿಕೊಳ್ಳುತ್ತ, ನಾನು ಪುಸ್ತಕ ನೋಡಿ ಬರೆದುಕೊಂಡಿದ್ದ ಒಂದೇ ಉಸಿರಿನಲ್ಲಿ ಒಟ್ಟಿಗೆ ಕೇಳುವ ಎರಡು ಸ್ವರಗಳನ್ನು ನುಡಿಸಿ ತೋರಿಸಿದಳು. ಮೊದಲ ಸಲ ಬಂತು, ಎರಡನೇ ಸಲ ಬರಲಿಲ್ಲ. "ಇದು ನನ್ನ ವಾದ್ಯದಲ್ಲಿ ಹತ್ತಕ್ಕೆ ಆರು ಸಲ ಬರುತ್ತೆ. ಆದರೆ ಇದನ್ನು ಕೇಳು" ಎಂದು ಇನ್ನೊಂದು ಬೆರಳ ಜೋಡಣೆ ಹಿಡಿದಳು. ಪಾತ್ರೆಯ ಅಂಚು ಉಜ್ಜಿದಂಥ ನಾದ. ಆ ಕೃತಿ ಅಲ್ಲಿಂದ ಶುರುವಾಯಿತು. ಅವಳು ಅದನ್ನು ಇವತ್ತಿಗೂ ನುಡಿಸುತ್ತಾಳೆ, ಬೇರೆಯವರಿಗೂ ಕಲಿಸಿದ್ದಾಳೆ. ಯಾವ ತೀರ್ಪುಗಾರರೂ ನಿಮ್ಮ ಕೃತಿಗೆ ಇಷ್ಟು ಮಾಡುವುದಿಲ್ಲ.

4. ಸ್ಪರ್ಧೆಗೆ ಹಾಕಿ, ನೆಚ್ಚಿಕೊಂಡು ಕೂರಬೇಡಿ

ಸ್ಪರ್ಧೆಗಳು ಬೇಡ ಎನ್ನುವುದು ಸುಲಭದ ವೈರಾಗ್ಯ. ನೆದರ್ಲೆಂಡ್ಸ್‌ನ ಗೌಡೆಯಾಮಸ್ ಪ್ರಶಸ್ತಿ ಮೂವತ್ತರ ಆಸುಪಾಸಿನವರೆಗಿನ ಎಳೆಯರಿಗೆ. ಟೋಕಿಯೊದ ತಾಕೆಮಿತ್ಸು ಪ್ರಶಸ್ತಿಗೆ ಮೂವತ್ತೈದರ ಮಿತಿ, ಅಲ್ಲಿ ಪ್ರತಿ ವರ್ಷ ಒಬ್ಬರೇ ಸಂಯೋಜಕರು ತೀರ್ಪುಗಾರರು. ನನಗೆ ಈ ಎರಡನೆಯ ಪದ್ಧತಿ ಇಷ್ಟ. ಸಮಿತಿ ಎಂದರೆ ಯಾರಿಗೂ ಬೇಡವೆನಿಸದ ಕೃತಿ ಗೆಲ್ಲುತ್ತದೆ. ಒಬ್ಬರೇ ಆದರೆ ಅವರ ರುಚಿ ಎಂಥದೆಂದು ನಿಮಗೆ ಮೊದಲೇ ಗೊತ್ತಿರುತ್ತದೆ, ಸೋತರೂ ಯಾಕೆಂದು ಅರ್ಥವಾಗುತ್ತದೆ.

ಪ್ರವೇಶ ಶುಲ್ಕ ಕೇಳುವ, ಆದರೆ ಗೆದ್ದ ಕೃತಿಯನ್ನು ನುಡಿಸುತ್ತೇವೆಂಬ ಮಾತು ಕೊಡದ ಸ್ಪರ್ಧೆಗಳೂ ಬೇಕಾದಷ್ಟಿವೆ. ಅಂಥ ಕಡೆ ಹಣ ಕಳಿಸಬೇಡಿ. ಇನ್ನೊಂದು ಮಾತು: ಸ್ಪರ್ಧೆಗೆಂದೇ ಹೊಸದಾಗಿ ಬರೆಯಬೇಡಿ. ನಿಮ್ಮ ಸ್ನೇಹಿತರು ನುಡಿಸಿ ಹದ ಮಾಡಿದ್ದನ್ನೇ ಹಾಕಿ.

5. ಗುರು ಕೆಡವಿದರೆ

ಕೊರಿಯಾದ ಉನ್‌ಸುಕ್ ಚಿನ್ 1985ರಲ್ಲಿ ಗೌಡೆಯಾಮಸ್ ಗೆದ್ದು, ಅದೇ ವರ್ಷ ಹ್ಯಾಂಬರ್ಗ್‌ಗೆ ಹೋಗಿ ಹೆಸರಾಂತ ಸಂಯೋಜಕ ಗ್ಯೋರ್ಗಿ ಲಿಗೆಟಿಯವರ ಶಿಷ್ಯೆಯಾದರು. ಅವರ ಬಹುಮಾನಿತ ಸಂಗೀತವನ್ನು ನೋಡಿದ ಲಿಗೆಟಿ, ಇದರಲ್ಲಿ ನಿನ್ನದೆನ್ನುವುದು ಏನೂ ಇಲ್ಲ, ಎತ್ತಿ ಬಿಸಾಡು ಎಂಬರ್ಥದ ಮಾತಾಡಿದರು. ಚಿನ್ ವರ್ಷಗಟ್ಟಲೆ ಬರೆಯಲಾಗದೆ ಕೂತರು. ಬರ್ಲಿನ್ನಿಗೆ ಹೋಗಿ ಎಲೆಕ್ಟ್ರಾನಿಕ್ ಸ್ಟುಡಿಯೊದಲ್ಲಿ ಕೆಲಸ ಮಾಡಿದರು. 'ಅಕ್ರೊಸ್ಟಿಕೊನ್' ಎಂಬ ಕೃತಿಯೊಂದಿಗೆ 1990ರ ದಶಕದ ಮೊದಲಿಗೆ ಮತ್ತೆ ಎದ್ದುನಿಂತರು. 2004ರಲ್ಲಿ ಗ್ರಾಮೈಯರ್ ಪ್ರಶಸ್ತಿ, 2024ರಲ್ಲಿ ಜರ್ಮನಿಯ ಸೀಮೆನ್ಸ್ ಸಂಗೀತ ಪ್ರಶಸ್ತಿ ಬಂತು.

ಈ ಕತೆಯನ್ನು ಗುರುಗಳ ಕಾಠಿಣ್ಯಕ್ಕೆ ಸಮರ್ಥನೆಯಾಗಿ ಹೇಳುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಚಿನ್ ಎದ್ದರು, ಹಾಗೆ ಕೆಡವಿಸಿಕೊಂಡು ಏಳದೇ ಹೋದವರ ಹೆಸರು ನಮಗೆ ಗೊತ್ತೇ ಆಗುವುದಿಲ್ಲ. ಗುರುಭಕ್ತಿ ನಮ್ಮ ರಕ್ತದಲ್ಲಿ ತುಸು ಹೆಚ್ಚೇ ಇದೆ. ಇಲ್ಲಿನ ಮೇಷ್ಟರುಗಳು ತಮ್ಮ ಮಾತಿಗೆ ಎದುರು ಮಾತು ಬರಲೆಂದು ಕಾಯುತ್ತಾರೆ. ನಮ್ಮ ಹುಡುಗರು ತಲೆ ಬಗ್ಗಿಸಿ ಬರೆದುಕೊಂಡು ಬರುತ್ತಾರೆ. ಎರಡನೇ ವರ್ಷದೊಳಗೆ ಒಮ್ಮೆಯಾದರೂ ಜಗಳವಾಡಿ.

6. ಹೊಟ್ಟೆಪಾಡಿಗೆ ನಾಚಿಕೆ ಬೇಡ

ಗ್ಲಾಸ್ ಅವರ 'ಐನ್‌ಸ್ಟೈನ್ ಆನ್ ದ ಬೀಚ್' 1976ರ ನವೆಂಬರಿನಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ ರಂಗದ ಮೇಲೆ ತುಂಬಿದ ಸಭೆಗೆ ನಡೆಯಿತು. ಕೈಗೆ ಬಂದದ್ದು ಸಾಲ. ಅವರು ಮತ್ತೆ ಟ್ಯಾಕ್ಸಿ ಓಡಿಸಲು ಹೋದರು. ನಲವತ್ತು ದಾಟುವವರೆಗೂ ಟ್ಯಾಕ್ಸಿ, ಕೊಳಾಯಿ ಕೆಲಸ ನಡೆದೇ ಇತ್ತು. ನೆದರ್ಲೆಂಡ್ಸ್‌ನಿಂದ 'ಸತ್ಯಾಗ್ರಹ' ಒಪೆರಾಗೆ ಕರಾರು ಬಂದ ಮೇಲೆ ಅದು ನಿಂತಿತು. ಗಾಂಧೀಜಿಯ ದಕ್ಷಿಣ ಆಫ್ರಿಕದ ದಿನಗಳ ಕತೆ, ಹಾಡುವುದೆಲ್ಲ ಸಂಸ್ಕೃತದ ಭಗವದ್ಗೀತೆ. ಗ್ಲಾಸ್ ಅವರಿಗಿಂತ ಎರಡು ತಲೆಮಾರು ಹಿಂದಿನ ಚಾರ್ಲ್ಸ್ ಐವ್ಸ್ ವಿಮಾ ಕಂಪನಿ ನಡೆಸುತ್ತಲೇ ಬರೆದರು. ಅವರ ಮೂರನೇ ಸಿಂಫನಿ ಜನರ ಕಿವಿಗೆ ಬಿದ್ದದ್ದು 1946ರಲ್ಲಿ, ಪುಲಿಟ್ಜರ್ ಬಂದದ್ದು ಮರುವರ್ಷ. ಆಗ ಅವರಿಗೆ ಎಪ್ಪತ್ತು ದಾಟಿತ್ತು.

ನನಗೆ ಇವರಿಬ್ಬರಿಗಿಂತ ಹತ್ತಿರದವರು ನರೇಶ್ ಸೊಹಲ್. ಪಂಜಾಬಿನಿಂದ 1962ರಲ್ಲಿ ಲಂಡನ್ನಿಗೆ ಬಂದು ಬೂಸಿ ಅಂಡ್ ಹಾಕ್ಸ್ ಪ್ರಕಾಶನದಲ್ಲಿ ಸ್ವರಲಿಪಿ ನಕಲು ಮಾಡುವ ಕೆಲಸಕ್ಕೆ ಸೇರಿದರು. ಅವರ 'ಅಷ್ಟ ಪ್ರಹರ'ವನ್ನು 1970ರಲ್ಲಿ ಲಂಡನ್ ಫಿಲ್ಹಾರ್ಮೊನಿಕ್ ನುಡಿಸಿತು. ದೊಡ್ಡವರ ಸ್ಕೋರನ್ನು ಸಾಲುಸಾಲಾಗಿ ಕೈಯಿಂದ ಬರೆಯುವವನಿಗೆ ಯಾವ ವಾದ್ಯ ಎಲ್ಲಿ ಸುಮ್ಮನಿರುತ್ತದೆ ಎಂಬುದು ಮೊದಲು ಕಾಣುತ್ತದೆ. ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಸಾಫ್ಟ್‌ವೇರ್ ಕೆಲಸ ಬಿಟ್ಟು ಪೂರ್ಣಾವಧಿ ಸಂಯೋಜಕರಾಗುತ್ತೇನೆ ಎಂದು ಬರೆಯುವವರಿಗೆ ನನ್ನ ಉತ್ತರ ಒಂದೇ ಸಾಲು: ಬಿಡಬೇಡಿ, ವಾರದಲ್ಲಿ ಎರಡು ಬೆಳಗನ್ನು ಕಾಪಾಡಿಕೊಳ್ಳಿ.

7. 'ನಿಮ್ಮ ರಾಗ ಎಲ್ಲಿ?'

ಹೊರದೇಶದಲ್ಲಿ ನಮ್ಮ ಹೆಸರಿನ ಸಂಯೋಜಕರಿಗೆ ಈ ಪ್ರಶ್ನೆ ತಪ್ಪುವುದಿಲ್ಲ. ತುಂಬ ಮರ್ಯಾದೆಯಿಂದಲೇ ಕೇಳುತ್ತಾರೆ. ಹೋಳಿ ಹಬ್ಬದ ವಾರಕ್ಕೆ ಏನಾದರೂ ಬರೆದುಕೊಡಿ, ತಬಲಾ ಇದ್ದರೆ ಚೆನ್ನ ಎನ್ನುತ್ತಾರೆ. ಅನ್ನ ಕೊಡುವ ಕೆಲಸವಾದರೆ ಒಪ್ಪಿಕೊಳ್ಳಿ, ತಪ್ಪೇನಿಲ್ಲ. ಆದರೆ ನಿಮ್ಮ ಇಡೀ ಕೆಲಸವನ್ನು ಆ ಒಂದು ಖಾನೆಗೆ ಹಾಕಿಬಿಡಲು ಬಿಡಬೇಡಿ. ಹಾಗೆಂದು ರಾಗದ ಸಹವಾಸವೇ ಬೇಡವೆಂದು ಕೂರುವುದೂ ಅಷ್ಟೇ ಪೆದ್ದತನ. ಕಿವಿಯಲ್ಲಿ ಇರುವುದು ಕೈಗೆ ಬಂದೇ ಬರುತ್ತದೆ.

ತೊಂದರೆ ಇರುವುದು ಕಸುಬಿನಲ್ಲಿ. ತೋಡಿಯ ಗಾಂಧಾರವನ್ನು ತೆಗೆದುಕೊಳ್ಳಿ. ಅದು ನಿಂತ ಸ್ವರವಲ್ಲ, ರಿಷಭದ ಕಡೆಗೂ ಮಧ್ಯಮದ ಕಡೆಗೂ ತೂಗುತ್ತದೆ. ಆ ತೂಗಾಟವನ್ನು ಎರಡು ಸ್ವರಗಳ ನಡುವೆ ಒಂದು ಓರೆ ಗೆರೆ ಎಳೆದು ಬರೆದರೆ ಒಳ್ಳೆಯ ಪಿಟೀಲುವಾದಕರೂ ಅದನ್ನು ಆಂಬುಲೆನ್ಸಿನ ಸೈರನ್‌ನಂತೆ ನುಡಿಸುತ್ತಾರೆ. ತಪ್ಪು ಅವರದಲ್ಲ, ಗೆರೆ ಹೇಳುವುದೇ ಅಷ್ಟು. ಒಂದೊಂದು ಓಲಾಟವನ್ನೂ ಸಣ್ಣ ಸ್ವರಗಳಾಗಿ ಒಡೆದು ಬರೆದರೆ ಪುಟ ಕಪ್ಪಾಗುತ್ತದೆ, ನಾದ ಒಣಗುತ್ತದೆ. ನಾನು ಕಂಡುಕೊಂಡ ದಾರಿ ಎಂದರೆ ಸರಳವಾದ ಸಾಲು ಬರೆದು, ಅದನ್ನು ಹಾಡಿದ ರೆಕಾರ್ಡಿಂಗ್ ಕಳಿಸಿ, ಮೊದಲ ರಿಹರ್ಸಲ್‌ನಲ್ಲಿ ಎದುರು ಕೂತು ಹಾಡಿ ತೋರಿಸುವುದು. ನಾಲ್ಕು ಜನರ ಕ್ವಾರ್ಟೆಟ್‌ಗೆ ಇದು ನಡೆಯುತ್ತದೆ. ಎಂಬತ್ತು ಜನರ ಆರ್ಕೆಸ್ಟ್ರಾಗೆ ನಡೆಯುವುದಿಲ್ಲ, ಅಲ್ಲಿ ಗಮಕದ ಆಸೆ ಬಿಡಿ.

ಲಯದ ಕತೆ ಬೇರೆ. ಖಂಡ ನಡೆ, ಮಿಶ್ರ ನಡೆಗಳನ್ನು ಇಲ್ಲಿನವರು ಕಣ್ಣಿಗೆ ಬಿದ್ದಂತೆ ಓದಿ ನುಡಿಸಿಬಿಡುತ್ತಾರೆ, ನಮಗೇ ಹೊಟ್ಟೆಕಿಚ್ಚಾಗುವಷ್ಟು ಚೊಕ್ಕವಾಗಿ. ಆದರೂ ಲೆಕ್ಕ ಹಾಕಿ ತಾಳಕ್ಕೆ ಕೂಡಿಸುವ ಕೋರ್ವೆ ಸಪ್ಪೆಯೆನಿಸುತ್ತದೆ. ಯಾಕೆಂದರೆ ನಮ್ಮ ಸಭೆಯಲ್ಲಿ ಮೃದಂಗದವರು ಕೋರ್ವೆ ಬಿಟ್ಟಾಗ ಮೊದಲ ಸಾಲಿನವರ ಕೈ ತೊಡೆಯ ಮೇಲೆ ತಾಳ ಹಾಕುತ್ತಿರುತ್ತದೆ. ಲೆಕ್ಕ ಎಲ್ಲಿ ಬಂದು ಕೂಡುತ್ತದೆ ಎಂಬ ಕಾತರ ಕೇಳುಗರಲ್ಲೇ ಇರುತ್ತದೆ. ಇಲ್ಲಿ ಕೈಗಳು ಮಡಿಚಿಕೊಂಡಿರುತ್ತವೆ. ಆದ್ದರಿಂದ ಆ ತಾಳವನ್ನು ಸಂಗೀತದೊಳಗೇ ಎಲ್ಲಾದರೂ ಇಡಬೇಕು. ಚೆಲ್ಲೊದ ಒಂದು ಮೀಟು ಸಾಕು, ಆದರೆ ಅದು ಬಿಡದೆ ಇರಬೇಕು.

ಲಾಸ್ ಏಂಜಲಿಸ್‌ನ ರೀನಾ ಇಸ್ಮಾಯಿಲ್ ಜೂಲಿಯಾರ್ಡ್, ಯೇಲ್‌ಗಳಲ್ಲಿ ಓದಿದವರು. ಫುಲ್‌ಬ್ರೈಟ್ ವೇತನದ ಮೇಲೆ ಭಾರತಕ್ಕೆ ಬಂದು ಹಿಂದೂಸ್ತಾನಿ ಸಂಗೀತವನ್ನು ಕ್ರಮವಾಗಿ ಕಲಿತರು. ಅವರ ಕೃತಿಗಳಲ್ಲಿ ಹಿಂದೂಸ್ತಾನಿ ಗಾಯಕರೂ ಪಾಶ್ಚಾತ್ಯ ವಾದಕರೂ ತಂತಮ್ಮ ಬಲದ ಮೇಲೆ ನಿಂತು ನುಡಿಸುತ್ತಾರೆ. ಬಣ್ಣಕ್ಕೆ ಬಳಸುವುದಕ್ಕೂ ಕಲಿತು ಬಳಸುವುದಕ್ಕೂ ಇರುವ ಅಂತರ ತಿಳಿಯಬೇಕೆಂದರೆ ಅವರನ್ನು ಕೇಳಿ.

8. ಎರಡನೇ ಸಲ ನುಡಿಸಿದರೆ ಕೃತಿ ಉಳಿಯಿತು

ಸಂಘಟಕರಿಗೆ ಪೋಸ್ಟರಿನ ಮೇಲೆ 'ಮೊದಲ ಪ್ರದರ್ಶನ' ಎಂದು ಹಾಕುವ ಹುಚ್ಚು. ಎರಡನೇ ಪ್ರದರ್ಶನ ಯಾರಿಗೂ ಬೇಡ. ಬರೆಯುವಾಗಲೇ ಇದನ್ನು ತಲೆಯಲ್ಲಿಟ್ಟುಕೊಳ್ಳಿ. ಕೊಳಲು, ಕ್ಲಾರಿನೆಟ್, ಪಿಟೀಲು, ಚೆಲ್ಲೊ, ಪಿಯಾನೊ ಎಂಬ ಐವರ ಮೇಳ ಷೂನ್‌ಬರ್ಗ್ 1912ರಲ್ಲಿ ಬರೆದ 'ಪಿಯರೊ ಲುನೇರ್'ನಿಂದ ಬಂದದ್ದು. ಹೊಸ ಸಂಗೀತ ನುಡಿಸುವ ಎಷ್ಟೋ ತಂಡಗಳಲ್ಲಿ ಇರುವುದು ಇದೇ ಐದು ವಾದ್ಯ. ಇದಕ್ಕೆ ಹತ್ತು ನಿಮಿಷದ ಕೃತಿ ಬರೆದರೆ ಊರೂರಿಗೆ ಕಳಿಸಬಹುದು. ಎರಡು ಟ್ಯೂಬಾ, ಒಂದು ಹಾರ್ಪ್ಸಿಕಾರ್ಡ್, ಒಂದು ಮಕ್ಕಳ ಮೇಳಕ್ಕೆ ಬರೆದರೆ ಒಂದು ಸಂಜೆಗೆ ಮುಗಿಯಿತು.

9. ದುಡ್ಡಿನ ಮಾತನ್ನು ಮೊದಲೇ ಆಡಿ

ಕೃತಿ ಬರೆಸುವವರು ಅರ್ಧ ಹಣವನ್ನು ಸಹಿಯ ಹೊತ್ತಿಗೆ, ಉಳಿದರ್ಧವನ್ನು ಸ್ಕೋರ್ ಕೊಟ್ಟಾಗ ಕೊಡುವುದು ವಾಡಿಕೆ. ಪಾರ್ಟ್ ತಯಾರಿಯ ಖರ್ಚು ಯಾರದು, ಮೊದಲ ಪ್ರದರ್ಶನದ ನಂತರ ಎಷ್ಟು ಕಾಲ ಬೇರೆಯವರು ನುಡಿಸುವಂತಿಲ್ಲ, ರೆಕಾರ್ಡಿಂಗ್ ನಿಮ್ಮ ಕೈಗೆ ಸಿಗುತ್ತದೆಯೇ ಎಂಬ ಮೂರನ್ನು ಬರಹದಲ್ಲಿ ತೆಗೆದುಕೊಳ್ಳಿ. ಪ್ರದರ್ಶನದ ರಾಯಧನಕ್ಕೆ ಬ್ರಿಟನ್ನಿನಲ್ಲಿ ಪಿಆರ್‌ಎಸ್, ಭಾರತದಲ್ಲಿ ಐಪಿಆರ್‌ಎಸ್ ಇದೆ. ಸದಸ್ಯರಾಗಿ, ಪ್ರತಿ ಕಛೇರಿಯ ನಂತರ ಕೃತಿಪಟ್ಟಿ ಹೋಯಿತೇ ಎಂದು ವಿಚಾರಿಸಿ.

ಪೋಷಕರ ಮಾತು ಬಂದಾಗ ನನಗೆ ಜಯಚಾಮರಾಜೇಂದ್ರ ಒಡೆಯರ್ ನೆನಪಾಗುತ್ತಾರೆ. ರಷ್ಯ ಬಿಟ್ಟು ಬಂದು ಲಂಡನ್ನಿನಲ್ಲಿ ಮೂಲೆಗುಂಪಾಗಿದ್ದ ನಿಕೊಲಾಯ್ ಮೆಟ್ನರ್ ಅವರ ಸಂಗೀತ ರೆಕಾರ್ಡ್ ಆಗಿ ಉಳಿದದ್ದು 1940ರ ದಶಕದ ಕೊನೆಯಲ್ಲಿ ಮಹಾರಾಜರು ಕೊಟ್ಟ ಹಣದಿಂದ. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಅವರಿಗೇ ಅರ್ಪಿಸಿದ್ದಾರೆ. ರಿಚರ್ಡ್ ಸ್ಟ್ರೌಸ್ ತೀರಿಕೊಂಡ ಮೇಲೆ ಅವರ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲು ಕೇಳಿಬಂದಾಗಲೂ ಹಿಂದೆ ನಿಂತದ್ದು ಮೈಸೂರಿನ ದುಡ್ಡು. ಮಹಾರಾಜರು ಈಗಿಲ್ಲ. ಅದರ ಬದಲು ಈಗ ಚಂದಾ ಪದ್ಧತಿ ಇದೆ: ಬೇರೆ ಬೇರೆ ಊರಿನ ಐದಾರು ವಾದಕರು ತಲಾ ಇಷ್ಟೆಂದು ಹಾಕಿ ಒಂದು ಕೃತಿ ಬರೆಸುತ್ತಾರೆ, ಪ್ರತಿಯೊಬ್ಬರೂ ತಮ್ಮ ಊರಿನಲ್ಲಿ ನುಡಿಸುತ್ತಾರೆ. ಒಂದು ಏಟಿಗೆ ಎಂಟನೇ ಪಾಠದ ತೊಂದರೆಯೂ ಪರಿಹಾರವಾಯಿತು.

10. ಕಡತ ಕಾಪಾಡಿ

ಜೂಲಿಯಸ್ ಈಸ್ಟ್‌ಮನ್ ಎಂಬ ಕಪ್ಪು ಅಮೆರಿಕನ್ ಸಂಯೋಜಕರನ್ನು 1980ರ ದಶಕದ ಮೊದಲಿಗೆ ನ್ಯೂಯಾರ್ಕಿನ ಬಾಡಿಗೆ ಮನೆಯಿಂದ ಹೊರಹಾಕಿದರು. ಸಾಮಾನಿನ ಜತೆ ಸ್ಕೋರ್‌ಗಳೂ ಹೋದವು. 1990ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಪತ್ರಿಕೆಯಲ್ಲಿ ಸುದ್ದಿ ಬಂದದ್ದು ತಿಂಗಳುಗಳ ನಂತರ. ಮೇರಿ ಜೇನ್ ಲೀಚ್ ಎಂಬ ಇನ್ನೊಬ್ಬ ಸಂಯೋಜಕಿ ವರ್ಷಗಟ್ಟಲೆ ಅವರಿವರ ಮನೆಯ ಟೇಪು, ಜೆರಾಕ್ಸ್ ಹುಡುಕಿ ಕೂಡಿಸಿದ್ದರಿಂದ ಇವತ್ತು ನಮಗೆ ಆ ಸಂಗೀತ ಸಿಕ್ಕಿದೆ. ಈಗ ಮನೆಯಿಂದ ಹೊರಹಾಕದೆಯೂ ಕೃತಿ ಕಳೆದುಹೋಗಬಹುದು: ಮೂವತ್ತೈದು ವರ್ಷ ನಡೆದ 'ಫಿನಾಲೆ' ಸಾಫ್ಟ್‌ವೇರನ್ನು 2024ರ ಆಗಸ್ಟ್‌ನಲ್ಲಿ ನಿಲ್ಲಿಸಿಬಿಟ್ಟರು. ಪ್ರತಿ ಕೃತಿಯ ಪಿಡಿಎಫ್ ಮತ್ತು ಮ್ಯೂಸಿಕ್ಎಕ್ಸ್ಎಂಎಲ್ ಪ್ರತಿ ಎರಡು ಕಡೆ ಇರಲಿ, ಒಂದು ಅಚ್ಚಿನ ಪ್ರತಿ ಅಮ್ಮನ ಬೀರುವಿನಲ್ಲಿರಲಿ.

11. ಊರಿಗೆ ಮರಳುವವರಿಗೆ

ಸಂಯೋಜಕ ವನರಾಜ್ ಭಾಟಿಯಾ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ, ಆಮೇಲೆ ಪ್ಯಾರಿಸ್‌ನಲ್ಲಿ ನಾದಿಯಾ ಬುಲಾಂಜೆ ಅವರ ಬಳಿ ಕಲಿತು 1959ರಲ್ಲಿ ಮುಂಬೈಗೆ ಮರಳಿದರು. ಆರ್ಕೆಸ್ಟ್ರಾಗೆ ಬರೆಯಲು ಬಂದವರಿಗೆ ಸಿಕ್ಕಿದ್ದು ಜಾಹೀರಾತಿನ ಜಿಂಗಲ್‌ಗಳು; ಸಾವಿರಗಟ್ಟಲೆ ಬರೆದರು. ಶ್ಯಾಮ್ ಬೆನಗಲ್ ಅವರ 'ಅಂಕುರ್'ನಿಂದ ಮುಂದಕ್ಕೆ ಸಿನಿಮಾ ಬಂತು. ಒಳಗಿನ ಆಸೆ ಮಾತ್ರ ಆರಲಿಲ್ಲ. ಗಿರೀಶ ಕಾರ್ನಾಡರ 'ಅಗ್ನಿ ಮತ್ತು ಮಳೆ'ಯನ್ನು 'ಅಗ್ನಿವರ್ಷ' ಎಂಬ ಒಪೆರಾ ಮಾಡಲು ಇಳಿವಯಸ್ಸಿನಲ್ಲಿ ಕೂತರು. 2021ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಕೈಯಲ್ಲಿ ಹಣವಿರಲಿಲ್ಲ ಎಂಬುದನ್ನು ಎಲ್ಲರೂ ಓದಿದ್ದೇವೆ. ಆ ಜಿಂಗಲ್‌ಗಳ ಬಗ್ಗೆ ಅಯ್ಯೋ ಎನ್ನುವವರು ಅವರ ಸಂಗೀತವನ್ನು ಸರಿಯಾಗಿ ಕೇಳಿಲ್ಲ ಎಂದು ನನ್ನ ಅಭಿಪ್ರಾಯ. ಅರ್ಧ ನಿಮಿಷದಲ್ಲಿ ಮಾತು ಮುಗಿಸುವ ಕಲೆ ಅಲ್ಲಿಂದ ಬಂದದ್ದು.

ಈಗಿನ ಸ್ಥಿತಿ ಆಗಿನಷ್ಟು ಕೆಟ್ಟದಾಗಿಲ್ಲ. ಮುಂಬೈಯ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ 2006ರಿಂದ ಇದೆ. ಅದು ಬರೆಸಿದ ಜಾಕಿರ್ ಹುಸೇನರ ತಬಲಾ ಕಾನ್ಸರ್ಟೊ 'ಪೇಶ್ಕಾರ್' 2015ರಲ್ಲಿ ನಡೆಯಿತು. ಬೆಂಗಳೂರಿನಲ್ಲಿ ಬ್ಯಾಂಗಲೂರ್ ಸ್ಕೂಲ್ ಆಫ್ ಮ್ಯೂಸಿಕ್ 1987ರಿಂದ ನಡೆದಿದೆ. ಓದಿ ನುಡಿಸಬಲ್ಲ ಮಕ್ಕಳು ಇಂದಿರಾನಗರದಲ್ಲೂ ಇದ್ದಾರೆ, ಕುವೆಂಪುನಗರದಲ್ಲೂ ಇದ್ದಾರೆ. ಆದರೆ ಅವರ ಸ್ಟ್ಯಾಂಡಿನ ಮೇಲೆ ಇರುವುದೆಲ್ಲ ಪರೀಕ್ಷೆಗೆ ಬೇಕಾದ ಮೊಜಾರ್ಟ್, ಕ್ಲೆಮೆಂಟಿ.

ಹಾಗಾಗಿ ಕಡೆಯ ಮಾತು ಸಂಗೀತ ಶಾಲೆ ನಡೆಸುವವರಿಗೆ. ನಿಮ್ಮ ಮುಂದಿನ ವಾರ್ಷಿಕೋತ್ಸವದಲ್ಲಿ ಬದುಕಿರುವ ಒಬ್ಬ ಎಳೆಯ ಸಂಯೋಜಕರ ಐದು ನಿಮಿಷದ ಕೃತಿ ಇರಲಿ. ಶಾಲೆಯಲ್ಲಿ ಯಾವ ಯಾವ ವಾದ್ಯ ನುಡಿಸುವ ಮಕ್ಕಳಿದ್ದಾರೆ ಎಂದು ಅವರಿಗೆ ಮೊದಲೇ ತಿಳಿಸಿ, ಎರಡು ರಿಹರ್ಸಲ್‌ಗೆ ಕರೆಯಿರಿ. ಹೂವಿನ ಹಾರ ಬೇಡ, ಸಂಭಾವನೆ ಕೊಡಿ. ಪಾರ್ಟ್ ಅಚ್ಚು ಹಾಕಿಸಲು ಪ್ರತ್ಯೇಕವಾಗಿ ಕೊಡಿ.